ತಗಡಿನ ಮನೆಯ ಸೆಕೆ ಯಾರ ಲೆಕ್ಕದಲ್ಲಿದೆ?

ಮಕ್ಕಳೇ, 'ಹವಾಮಾನ ಇಲಾಖೆಯವರು ಮಳೆ ಬರುತ್ತದೆ ಎಂದರೆ ಛತ್ರಿ ಮನೆಯಲ್ಲೇ ಬಿಟ್ಟು ಹೋಗಬಹುದು' ಎಂದು ದೊಡ್ಡವರು ತಮಾಷೆ ಮಾಡುವುದನ್ನು ನೀವು ಕೇಳಿರಬಹುದು. ನನಗೆ ಈ ತಮಾಷೆ ಅಷ್ಟಾಗಿ ಹಿಡಿಸುವುದಿಲ್ಲ. ಮುನ್ಸೂಚನೆ ಕೊಡುವುದು ಆ ಇಲಾಖೆಯ ಅರ್ಧ ಕೆಲಸ ಮಾತ್ರ. ಉಳಿದರ್ಧ, ದಿನವೂ ತಪ್ಪದೆ ಅಳೆದು ಬರೆದಿಡುವುದು. 1875ರಲ್ಲಿ ಆರಂಭವಾದ ಭಾರತ ಹವಾಮಾನ ಇಲಾಖೆ ಇಂಥ ಲೆಕ್ಕ ಇಟ್ಟಿದ್ದರಿಂದಲೇ, 1901ರಿಂದೀಚೆಗೆ ದೇಶದ ಅತಿ ಬೆಚ್ಚಗಿನ ವರ್ಷ 2024 ಎಂದು ಹೇಳಲು ಅದಕ್ಕೆ ಸಾಧ್ಯವಾಯಿತು. ಆ ವರ್ಷದ ಉಷ್ಣಾಂಶ 1991-2020ರ ಸರಾಸರಿಗಿಂತ 0.65 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಇಷ್ಟೇನಾ ಎನ್ನಬೇಡಿ. ಇದು ಹಗಲು-ರಾತ್ರಿ, ಚಳಿಗಾಲ-ಮಳೆಗಾಲ ಎಲ್ಲವನ್ನೂ ಸೇರಿಸಿದ ಇಡೀ ದೇಶದ ಸರಾಸರಿ.

ಉಷ್ಣಾಂಶವನ್ನು ಅಳೆಯುವುದು ಹೇಗೆ ಗೊತ್ತೇ? ಬಿಸಿಲಿನಲ್ಲಿ ಅಲ್ಲ, ನೆರಳಿನಲ್ಲಿ. ಬಯಲಿನಲ್ಲಿ ನಿಮ್ಮ ಎದೆಯೆತ್ತರಕ್ಕೆ ಒಂದು ಬಿಳಿಯ ಮರದ ಪೆಟ್ಟಿಗೆ ನಿಲ್ಲಿಸಿರುತ್ತಾರೆ. ಗಾಳಿಯಾಡಲು ಅದರ ಸುತ್ತ ಓರೆ ಪಟ್ಟಿಗಳಿರುತ್ತವೆ. ಥರ್ಮಾಮೀಟರ್ ಇರುವುದು ಅದರೊಳಗೆ. ಇದನ್ನು ರೂಪಿಸಿದವರು ಥಾಮಸ್ ಸ್ಟೀವನ್ಸನ್. ('ಟ್ರೆಷರ್ ಐಲೆಂಡ್' ಬರೆದ ಸ್ಟೀವನ್ಸನ್ ಇವರ ಮಗ!) ಎಲ್ಲೆಡೆ ಒಂದೇ ರೀತಿ ಅಳೆದರೆ ಮಾತ್ರ ಒಂದೂರನ್ನು ಇನ್ನೊಂದೂರಿನ ಜೊತೆ, ಈ ವರ್ಷವನ್ನು ಹಿಂದಿನ ವರ್ಷದ ಜೊತೆ ಹೋಲಿಸಬಹುದು. ಆದ್ದರಿಂದ ಈ ಪದ್ಧತಿ ಸರಿಯಾದದ್ದೇ.

ಆದರೆ ಆ ಪೆಟ್ಟಿಗೆಯಲ್ಲಿ ಯಾರೂ ವಾಸಿಸುವುದಿಲ್ಲವಲ್ಲ!

ಬೆಂಗಳೂರು ನಗರದ ದಾಖಲೆ ಗರಿಷ್ಠ ಉಷ್ಣಾಂಶ 39.2 ಡಿಗ್ರಿ, 2016ರ ಏಪ್ರಿಲ್‌ನದು. 2024ರ ಏಪ್ರಿಲ್‌ನಲ್ಲಿ 38.5 ಆಗಿತ್ತು. ಇಲಾಖೆಯ ನಿಯಮದಂತೆ ಬಯಲು ಪ್ರದೇಶದಲ್ಲಿ ಕನಿಷ್ಠ 40 ಡಿಗ್ರಿಯಾದರೂ ಮುಟ್ಟಿದರೆ ಮಾತ್ರ 'ಬಿಸಿಗಾಳಿ'ಯ ಲೆಕ್ಕ. ಅಂದರೆ ಆ ಎರಡೂ ದಿನಗಳು ಲೆಕ್ಕದ ಹೊರಗೆ. ಈಗ ಬೆಳ್ಳಂದೂರಿಗೆ ಬನ್ನಿ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳೊಳಗೆ ಎ.ಸಿ. ಇದೆ. ಅವನ್ನು ಕಟ್ಟುವ, ಗುಡಿಸುವ ಜನರಲ್ಲಿ ಅನೇಕರು ಇರುವುದು ತಗಡಿನ ಶೀಟಿನ ಮನೆಗಳಲ್ಲಿ. ಬಿಸಿಲಿಗೆ ಕಾದ ತಗಡು ಒಳಗಿನ ಗಾಳಿಯನ್ನೂ ಕಾಯಿಸುತ್ತದೆ. ಅಲ್ಲಿ ಮಲಗಿರುವ ಪುಟ್ಟ ತಂಗಿಗೆ ಮೈಯೆಲ್ಲ ಬೆವರುಸಾಲೆ ಎದ್ದರೆ, ಅದು ಯಾವ ಪುಸ್ತಕದಲ್ಲಿ ದಾಖಲಾಗಬೇಕು?

ಇಲಾಖೆಯ ಅಳತೆ ತಪ್ಪಲ್ಲ, ಸಾಲದು ಎಂಬುದು ನನ್ನ ಅಭಿಪ್ರಾಯ. ಜನರು ವಾಸಿಸುವ ಕಡೆಯೂ ಅಳೆಯಬೇಕು. ಪ್ರತಿ ಸರ್ಕಾರಿ ಶಾಲೆಗೂ ಕೆಂಪು ದ್ರವದ ಕೆಲವು ಗೋಡೆ ಥರ್ಮಾಮೀಟರ್‌ಗಳನ್ನು ಕೊಡಬೇಕು. (ಜ್ವರ ನೋಡುವುದು ಇದಕ್ಕೆ ಆಗದು.) ತೊಡಕೆಂದರೆ, ಸೆಕೆ ಏರುವ ಏಪ್ರಿಲ್-ಮೇ ತಿಂಗಳಲ್ಲಿ ಶಾಲೆಗೇ ರಜೆ. ಹಾಗಾಗಿ ಅವು ನಿಮ್ಮ ಮನೆಗಳಿಗೇ ಬರಬೇಕು. ಒಂದು ತಗಡಿನ ಮನೆಯಲ್ಲಿ, ಇನ್ನೊಂದು ಆರ್‌ಸಿಸಿ ಮನೆಯಲ್ಲಿ, ಮತ್ತೊಂದು ಹೊಂಗೆ ಮರದ ನೆರಳಿನಲ್ಲಿ ತೂಗುಹಾಕಿ. ಮಧ್ಯಾಹ್ನ 2.30ಕ್ಕೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ನೋಡಿ ಬರೆಯಿರಿ. ಈ ಅಂಕಿಗಳನ್ನು ಇಲಾಖೆಯ ಅಂಕಿಯೊಂದಿಗೆ ಬೆರೆಸಬಾರದು, ಪಕ್ಕದಲ್ಲಿಟ್ಟು ಓದಬೇಕು. ಜೂನ್‌ನಲ್ಲಿ ಶಾಲೆ ತೆರೆದಾಗ ಪುಸ್ತಕವನ್ನು ನಿಮ್ಮ ಮೇಷ್ಟ್ರಿಗೋ ಮೇಡಂಗೋ ಕೊಡಿ. ವಾರ್ಡ್ ಕಚೇರಿಗೆ ಮನವಿ ಬರೆಯುವಾಗ ಅವರಿಗೆ ಬೇಕಾಗುತ್ತದೆ.