ಕಣ್ಣಿಗೆ ಕಾಣದ ನಾಳಗಳು

ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬುದು ನಮ್ಮ ಸೀಮೆಯ ಗಾದೆ. ಕನಕಾಚಲಪತಿಯ ಗುಡಿಯ ಕಂಬಗಳ ಮುಂದೆ ನಿಂತವರಿಗೆ ಈ ಮಾತು ಅತಿಶಯವೆನಿಸದು. ಆದರೆ ಕಣ್ಣಿದ್ದರೂ ಕಾಣದವು ಕೆಲವು ಉಂಟು. ಅವುಗಳಲ್ಲೊಂದರ ವಿಷಯ ಈ ವಾರದ್ದು.

ಅದೇ ಕನಕಗಿರಿಯಲ್ಲಿರುವ ನನ್ನ ಚಿಗವ್ವನಿಗೆ ಐವತ್ತೈದು ದಾಟಿದೆ. ಕೊಡ ಹೊತ್ತು ನಾಲ್ಕು ಮೆಟ್ಟಿಲೇರಿದರೆ ಸಾಕು, “ಎದಿ ಮ್ಯಾಲೆ ಬೀಸುಕಲ್ಲು ಇಟ್ಟಂಗ ಆಗತೈತಿ, ತಮ್ಮಾ” ಎನ್ನುತ್ತಿದ್ದಳು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಆಂಜಿಯೋಗ್ರಾಂ ಮಾಡಿ, “ನಾಳಗಳು ಸ್ವಚ್ಛವಾಗಿವೆ, ಇದು ವಾಯು, ಇಲ್ಲವೆ ಚಿಂತೆ” ಎಂದು ಕಳುಹಿಸಿದರು. ಅಂದಿನಿಂದ ಆಕೆಗೆ ನೋವು ಒಂದು ಭಾರವಾದರೆ, ಮನೆಯವರ ಅಪನಂಬಿಕೆ ಮತ್ತೊಂದು ಭಾರವಾಯಿತು.

ಆಂಜಿಯೋಗ್ರಾಂ ಸುಳ್ಳು ಹೇಳಲಿಲ್ಲ. ಪೂರ್ತಿ ಹೇಳಲಿಲ್ಲ, ಅಷ್ಟೆ. ಅದು ತೋರಿಸುವುದು ಹೃದಯದ ಮೇಲ್ಮೈಯ ದೊಡ್ಡ ನಾಳಗಳನ್ನು. ಸುಮಾರು ಅರ್ಧ ಮಿಲಿಮೀಟರಿಗಿಂತ ಕಿರಿದಾದ ನಾಳಗಳು ಅದರಲ್ಲಿ ಕಾಣವು. ತುಂಗಭದ್ರೆಯ ಎಡದಂಡೆ ಕಾಲುವೆ ತುಂಬಿ ಹರಿಯುತ್ತಿದ್ದರೂ ಹೊಲದಂಚಿನ ತೂಬು ತೆರೆಯದಿದ್ದರೆ ಪೈರು ಒಣಗದೆ? ದುಡಿಮೆಯ ವೇಳೆಯಲ್ಲಿ ಈ ಕಿರುನಾಳಗಳು ಹಿಗ್ಗದೆ ಹೋದರೆ, ಅಥವಾ ತಾವಾಗಿ ಸೆಟೆದುಕೊಂಡರೆ, ಹೃದಯದ ಸ್ನಾಯುವಿಗೆ ರಕ್ತ ಸಾಲದೆ ನೋವು ಹುಟ್ಟುತ್ತದೆ. 1973ರಲ್ಲಿ ಅಮೆರಿಕದ ವೈದ್ಯ ಹಾರ್ವಿ ಕೆಂಪ್ ಇಂಥ ರೋಗಿಗಳ ತೊಂದರೆಗೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟನು. ಆಗ ಇದರ ಕಾರಣ ತಿಳಿದಿರಲಿಲ್ಲ. ಇಂದು ಇದನ್ನು ಮೈಕ್ರೋವ್ಯಾಸ್ಕ್ಯುಲರ್ ಆಂಜೈನಾ ಎನ್ನುತ್ತಾರೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು.

ಔಷಧಿಗಳು ಯಾವುವು? ಮೊದಲನೆಯದು ಬೀಟಾ ಬ್ಲಾಕರ್ ಗುಂಪು. ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ದೊರೆಯುವುದು ಎರಡು ಬಡಿತಗಳ ನಡುವಣ ವಿರಾಮದಲ್ಲಿ. ಈ ಗುಳಿಗೆ ಬಡಿತವನ್ನು ನಿಧಾನಗೊಳಿಸಿ ಆ ವಿರಾಮವನ್ನು ನೀಳಗೊಳಿಸುತ್ತದೆ. ಎರಡನೆಯದು ಡಿಲ್ಟಿಯಾಜೆಮ್, ಅಮ್ಲೋಡಿಪಿನ್ ಮುಂತಾದ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು; ನಾಳ ಸೆಟೆಯುವವರಿಗೆ ಇವು ಹೆಚ್ಚು ಸಲ್ಲುತ್ತವೆ. ಇವುಗಳಿಂದ ಸಾಲದಿದ್ದರೆ ನಿಕೊರಾಂಡಿಲ್, ರಾನೊಲಜಿನ್‌ಗಳನ್ನು ಸೇರಿಸುವುದುಂಟು. ನಾಲಗೆಯ ಕೆಳಗಿಡುವ ಸಾರ್ಬಿಟ್ರೇಟ್ ದೊಡ್ಡ ನಾಳದ ನೋವಿಗೆ ಬೇಗ ಒದಗುವಂತೆ ಇಲ್ಲಿ ಒದಗದಿರಬಹುದು. ಅದರಿಂದ ನೋವು ಹೋಗಲಿಲ್ಲವೆಂದು ನೋವೇ ಸುಳ್ಳೆನ್ನುವುದು ತರವಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ಹತೋಟಿಯಲ್ಲಿಡುವುದು, ತಂಬಾಕು ಬಿಡುವುದು ಚಿಕಿತ್ಸೆಯ ಅರ್ಧಭಾಗ.

ಎಲ್ಲರಿಗೂ ಒಂದೇ ಗುಳಿಗೆ ಸಲ್ಲದು. ಸ್ಕಾಟ್ಲೆಂಡಿನಲ್ಲಿ 151 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಇದನ್ನೇ ತೋರಿಸಿತು: ಕಿರುನಾಳಗಳನ್ನು ಪರೀಕ್ಷಿಸಿ, ದೋಷದ ಬಗೆಗೆ ತಕ್ಕ ಔಷಧಿ ಕೊಟ್ಟವರಲ್ಲಿ ಆರು ತಿಂಗಳಿಗೆ ನೋವು ಹೆಚ್ಚು ತಗ್ಗಿತ್ತು. ಅಂಥ ಪರೀಕ್ಷೆ ಎಲ್ಲ ಊರುಗಳಲ್ಲಿ ಸಿಗದು. ಆದರೂ ರೋಗಿಯ ಮಾತನ್ನು ಕಿವಿಗೊಟ್ಟು ಕೇಳುವ ವೈದ್ಯನು ಔಷಧಿಯನ್ನು ಕೊಟ್ಟು ನೋಡಿ, ಬದಲಿಸಿ, ಹೊಂದಿಸಬಲ್ಲನು.

ಓದುಗರಲ್ಲಿ ಒಂದು ವಿಜ್ಞಾಪನೆ. ಈ ಹೆಸರುಗಳನ್ನು ಬರೆದುಕೊಂಡು ಅಂಗಡಿಗೆ ಹೋಗಬೇಡಿ. ಉಬ್ಬಸವುಳ್ಳವರಿಗೆ ಬೀಟಾ ಬ್ಲಾಕರ್ ಕೇಡು ಮಾಡಬಹುದು. ಅದರೊಡನೆ ಡಿಲ್ಟಿಯಾಜೆಮ್ ಬೆರೆತರೆ ನಾಡಿ ಅಪಾಯಕರವಾಗಿ ಕುಗ್ಗಬಹುದು. ಹೊಸದಾಗಿ ಬಂದ ಎದೆನೋವು, ವಿಶ್ರಾಂತಿಯಲ್ಲೂ ಬಿಡದ ನೋವು, ಬೆವರು, ಉಸಿರುಕಟ್ಟು ಇದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಚಿಗವ್ವನನ್ನು ಬೇರೊಬ್ಬ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಅರ್ಧ ಗಂಟೆ ಕೇಳಿ, “ತಾಯಿ, ನಿಮ್ಮ ನೋವು ನಿಜವಾದದ್ದು” ಎಂದು ಔಷಧಿ ಬರೆದರು. ನೋವು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಆದರೆ ಆಕೆಯ ಕಣ್ಣಲ್ಲಿ ನೀರು ತಂದದ್ದು ಗುಳಿಗೆಯಲ್ಲ, ಆ ಒಂದು ಮಾತು. ಈಗ ಕೊಡವನ್ನು ಆಕೆಯ ಮಗ ಹೊರುತ್ತಾನೆ.