ಮೆಗಾಪಿಕ್ಸೆಲ್ ಎಣಿಸುವ ಮುಂಚೆ ಬ್ಯಾಗ್ ತೆರೆದು ನೋಡಿ

ನಮ್ಮ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಅಣ್ಣನೊಬ್ಬರು ಹೋದ ವಾರ ಫೋನ್ ಮಾಡಿದ್ದರು. ಮದುವೆ, ಗೃಹಪ್ರವೇಶ, ಶಾಲೆಯ ಗ್ರೂಪ್ ಫೋಟೋ, ಮಳೆಗಾಲ ಮುಗಿದ ಮೇಲೆ ಯಕ್ಷಗಾನ. ಇಪ್ಪತ್ತು ವರ್ಷದಿಂದ ಇದೇ ಅವರ ಕಸುಬು. "ಮಾರಾಯಾ, ಸೊಸೈಟಿಯಲ್ಲಿ ಸಾಲ ಪಾಸಾಗಿದೆ. ಸೋನಿ ಎ7ಆರ್ 5 ತಗೊಳ್ಳಲಾ, ನಿಕಾನ್ ಝಡ್ 8 ತಗೊಳ್ಳಲಾ, ಕ್ಯಾನನ್ ಆರ್5 ತಗೊಳ್ಳಲಾ? ನೀನು ಪೇಪರ್‌ನವನು, ಬೇಗ ಹೇಳು."

"ಈಗ ನಿಮ್ಮ ಹತ್ತಿರ ಇರುವ ಲೆನ್ಸ್ ಯಾವುದಣ್ಣ?" ಅಂತ ಕೇಳಿದೆ.

"ಅದೆಲ್ಲ ಹಳೇ ನಿಕಾನ್ ಲೆನ್ಸ್. ಅಡಾಪ್ಟರ್ ಹಾಕಿದರೆ ಯಾವ ಕ್ಯಾಮೆರಾಕ್ಕೂ ಕೂರ್ತದಂತೆ."

ಈ 'ಕೂರ್ತದಂತೆ' ಎಂಬ ಮಾತನ್ನು ನಂಬಿ ಸಾಲ ಮಾಡುವವರು ನಮ್ಮ ಕಡೆ ಅವರೊಬ್ಬರೇ ಅಲ್ಲ. ಲೆನ್ಸ್ ಕೂರುತ್ತದೆ, ಅದರಲ್ಲಿ ಅನುಮಾನ ಬೇಡ. ಕೂತ ಮೇಲೆ ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರುತ್ತದೆ. ಅದು ಮೇಲೆ ಕೆಳಗೆ ಆಡಲು ಜಾಗ ಬೇಕು. ಹಾಗಾಗಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್ ತನಕ ನಿಕಾನ್‌ನಲ್ಲಿ 46.5 ಮಿಲಿಮೀಟರ್, ಕ್ಯಾನನ್‌ನಲ್ಲಿ 44 ಮಿಲಿಮೀಟರ್ ದೂರ ಇಟ್ಟಿದ್ದರು. ಮಿರರ್‌ಲೆಸ್‌ನಲ್ಲಿ ಕನ್ನಡಿ ಹೋಯಿತು, ದೂರವೂ ಕಮ್ಮಿಯಾಯಿತು. ಹೊಸ ನಿಕಾನ್ ಝಡ್‌ನಲ್ಲಿ 16, ಸೋನಿಯಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20 ಮಿಲಿಮೀಟರ್. ಹಳೆ ಲೆನ್ಸನ್ನು ಹೊಸ ಬಾಡಿಗೆ ಹಾಕಬೇಕಾದರೆ ಈ ಎರಡು ದೂರಗಳ ನಡುವಿನ ವ್ಯತ್ಯಾಸವನ್ನು ಒಂದು ಕೊಳವೆ ತುಂಬಬೇಕು. ಆ ಕೊಳವೆಯೇ ಅಡಾಪ್ಟರ್. ಹಳೆ ನಿಕಾನ್ ಲೆನ್ಸಿಗೂ ಝಡ್ ಬಾಡಿಗೂ ನಡುವೆ 30.5 ಮಿಲಿಮೀಟರ್, ಹಳೆ ಕ್ಯಾನನ್‌ಗೂ ಹೊಸ ಕ್ಯಾನನ್‌ಗೂ 24 ಮಿಲಿಮೀಟರ್. ಮಿರರ್‌ಲೆಸ್ ಲೆನ್ಸನ್ನು ಹಳೆ ಡಿಎಸ್‌ಎಲ್‌ಆರ್‌ಗೆ ಹಾಕಲು ಮಾತ್ರ ಬರಿ ಕೊಳವೆಯಿಂದ ಆಗದು, ಅಲ್ಲಿ ದೂರ ಮೊದಲೇ ಹೆಚ್ಚಾಗಿದೆ.

ದೂರ ತುಂಬಿದರೆ ಚಿತ್ರ ಬೀಳುತ್ತದೆ. ಆದರೆ ಲೆನ್ಸ್ ಮತ್ತು ಬಾಡಿ ಒಂದಕ್ಕೊಂದು ಮಾತಾಡಬೇಕಲ್ಲ? ಫೋಕಸ್ ಎಲ್ಲಿ, ಅಪರ್ಚರ್ ಎಷ್ಟು ಎಂದು ಯಾರೋ ಹೇಳಬೇಕು. ತಕರಾರು ಶುರುವಾಗುವುದು ಇಲ್ಲಿ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಓದು ಮುಗಿಸಿದ ವರ್ಷ ಸೆಕೆಂಡ್ ಹ್ಯಾಂಡ್ ಸೋನಿ ಬಾಡಿ ತೆಗೆದುಕೊಂಡೆ. ಕೈಯಲ್ಲಿದ್ದದ್ದು ಹಳೆಯ ಕ್ಯಾನನ್ 50 ಎಂಎಂ ಲೆನ್ಸ್. ದುಡ್ಡು ಉಳಿಸಲು ಹೋಗಿ ಒಳಗೆ ತಂತಿ, ಚಿಪ್ ಏನೂ ಇಲ್ಲದ ಬರಿ ಕೊಳವೆ ತರಿಸಿದೆ. ಆ ಲೆನ್ಸಿನ ಅಪರ್ಚರ್ ನಡೆಯುವುದು ಬಾಡಿಯಿಂದ ಬರುವ ಕರೆಂಟಿನಲ್ಲಿ. ಕರೆಂಟೇ ಇಲ್ಲ ಎಂದಮೇಲೆ ಅದು ಪೂರ್ತಿ ತೆರೆದೇ ಕೂತಿತು. ನಮ್ಮೂರ ಶಾಲೆಯ ಏಳನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆದೆ. ಕುರ್ಚಿಯಲ್ಲಿ ಕೂತ ಮೇಷ್ಟ್ರುಗಳೆಲ್ಲ ಸ್ಪಷ್ಟ, ಹಿಂದೆ ಬೆಂಚಿನ ಮೇಲೆ ನಿಂತ ಮಕ್ಕಳೆಲ್ಲ ಮಂಜು. ಆ ಮಕ್ಕಳು ಈಗ ಪಿಯುಸಿ ಮುಗಿಸಿದ್ದಾರೆ. ಎದುರು ಸಿಕ್ಕಾಗ ನನಗೆ ಇವತ್ತಿಗೂ ಆ ಫೋಟೋ ನೆನಪಾಗುತ್ತದೆ.

ಇನ್ನು ಅಣ್ಣನ ಬ್ಯಾಗ್‌ಗೆ ಬರೋಣ. ಅದರಲ್ಲಿ ಇದ್ದದ್ದು 50 ಎಂಎಂ, 85 ಎಂಎಂ, 80-200. ಮೂರೂ 'ಡಿ' ಅಕ್ಷರದ ನಿಕಾನ್ ಲೆನ್ಸ್. ನಿಮ್ಮಲ್ಲೂ ಇದ್ದರೆ ತಿರುಗಿಸಿ ನೋಡಿ: ಹಿಂಬದಿಯ ಬಳೆಯಲ್ಲಿ ಸ್ಕ್ರೂಡ್ರೈವರ್ ತುದಿ ಹಿಡಿಸುವಂಥ ಒಂದು ಸಣ್ಣ ಗೀರು ಕಾಣುತ್ತದೆ. ಈ ಲೆನ್ಸ್‌ಗಳ ಒಳಗೆ ಮೋಟರ್ ಇಲ್ಲ. ಬಾಡಿಯಲ್ಲಿರುವ ಮೋಟರ್ ಆ ಗೀರಿಗೆ ಸಿಕ್ಕಿಕೊಂಡು ಲೆನ್ಸ್ ತಿರುಗಿಸಿದರೇ ಆಟೋಫೋಕಸ್. ನಿಕಾನ್‌ನವರದೇ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಮೋಟರ್ ಇಲ್ಲ. ಬೆಳಕಿನ ಲೆಕ್ಕ ಸರಿ ಬರುತ್ತದೆ, ಅಪರ್ಚರ್ ನಡೆಯುತ್ತದೆ, ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಲೆನ್ಸಿನೊಳಗೇ ಮೋಟರ್ ಇರುವ ಎಎಫ್-ಎಸ್ ಆಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ಧಾರೆ ಎರೆಯುವ ಹೊತ್ತಿಗೆ, ಮಾಲೆ ಹಾಕುವ ಹೊತ್ತಿಗೆ ಕೈಯಲ್ಲಿ ಫೋಕಸ್ ಹುಡುಕುತ್ತಾ ನಿಲ್ಲಲು ಆಗುತ್ತದೆಯೇ? ರಂಗಸ್ಥಳದಲ್ಲಿ ವೇಷ ಗಿರ್ಕಿ ಹೊಡೆಯುವಾಗ? ಹೊಸ ಬಾಡಿ ಕಣ್ಣನ್ನೇ ಗುರುತಿಸಿ ಫೋಕಸ್ ಹಿಡಿಯುತ್ತದೆ ಎಂದು ಕೇಳಿಯೇ ಅಣ್ಣ ಸಾಲಕ್ಕೆ ಕೈಹಾಕಿದ್ದು. ಈ ಮೂರು ಲೆನ್ಸ್ ಹಾಕಿದರೆ ಆ ಸೌಕರ್ಯವೇ ಅವರಿಗೆ ಸಿಗುವುದಿಲ್ಲ.

ಅದೇ ಕ್ಯಾನನ್‌ನವರ ಕತೆ ನೋಡಿ. 1987ರಲ್ಲಿ ಇಎಫ್ ಲೆನ್ಸ್ ತಂದಾಗ ಹಳೆಯ ಗಿರಾಕಿಗಳ ಶಾಪ ಹಾಕಿಸಿಕೊಂಡೇ ಎಲ್ಲವನ್ನೂ ಕರೆಂಟಿನ ಮೇಲೆ ನಡೆಯುವಂತೆ ಮಾಡಿದ್ದರು, ಮೋಟರ್ ಲೆನ್ಸಿನಲ್ಲೇ. ಹಾಗಾಗಿ ಅಂದಿನ ಲೆನ್ಸ್ ಕೂಡ ಅವರದೇ ಅಡಾಪ್ಟರ್ ಮೂಲಕ ಆರ್5ರಲ್ಲಿ ಆಟೋಫೋಕಸ್ ಆಗುತ್ತದೆ. ನಿಕಾನ್‌ನವರು 1959ರ ಬಳೆಯನ್ನೇ ಉಳಿಸಿಕೊಂಡು ಹಳಬರ ಕೈಬಿಡಲಿಲ್ಲ, ಅದರ ಲೆಕ್ಕ ಈಗ ಚುಕ್ತಾ ಆಗುತ್ತಿದೆ. ಬ್ಯಾಗ್ ತುಂಬ ಕ್ಯಾನನ್ ಇಎಫ್ ಇರುವವರು ಬೇರೆ ಕಡೆ ಕಣ್ಣು ಹಾಕುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಕ್ಯಾನನ್ ಲೆನ್ಸನ್ನು ಸೋನಿಗೆ ಹಾಕುವ ಚಿಪ್ ಇರುವ ಅಡಾಪ್ಟರ್‌ಗಳೂ ಇವೆ. ಸಿಗ್ಮಾ ಎಂಸಿ-11 ಅಂಥದ್ದು. ಆದರೆ ಸಿಗ್ಮಾದವರು ಖಾತ್ರಿ ಕೊಡುವುದು ಅವರದೇ ಲೆನ್ಸಿಗೆ, ಕ್ಯಾನನ್ ಲೆನ್ಸ್ ನಡೆದರೆ ನಿಮ್ಮ ಅದೃಷ್ಟ. ಹಳೆಯದನ್ನೆಲ್ಲ ಮಾರಿ ಮೊದಲಿನಿಂದ ಶುರುಮಾಡುವವರಿಗೆ ಸೋನಿ ಒಳ್ಳೆಯದೇ, ಯಾಕೆಂದರೆ ಟ್ಯಾಮ್ರಾನ್, ಸಿಗ್ಮಾದ ಕಮ್ಮಿ ಬೆಲೆಯ ಲೆನ್ಸ್ ಅದಕ್ಕೆ ಬೇಕಾದಷ್ಟಿವೆ.

ಈಗ ಮೆಗಾಪಿಕ್ಸೆಲ್. ಸೋನಿಯದು 61, ಝಡ್ 8ರದು 45.7, ಆರ್5ದು 45. ಅಣ್ಣನ ಆಲ್ಬಂ ಹಾಳೆ 12x36 ಇಂಚು. ಅದರ ಅರ್ಧ ಭಾಗ, ಅಂದರೆ 12x18 ಇಂಚನ್ನು ಒಂದೇ ಫೋಟೋ ತುಂಬಿದರೂ, ಇಂಚಿಗೆ 300 ಚುಕ್ಕೆಯಂತೆ 3600 ಗುಣಿಸು 5400, ಅಂದರೆ ಹತ್ತಿರಹತ್ತಿರ 19.5 ಮೆಗಾಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದನ್ನು ಆರಾಮಾಗಿ ಕೊಡುತ್ತದೆ. ಒಂದೇ ಫೋಟೋ ಇಡೀ 36 ಇಂಚಿಗೆ ಹರಡಿದಾಗ ಮಾತ್ರ ದೊಡ್ಡ ಸೆನ್ಸರಿಗೆ ಮೇಲುಗೈ: 24ರಲ್ಲಿ ಇಂಚಿಗೆ 166 ಚುಕ್ಕೆ, 61ರಲ್ಲಿ 264. ಅಂಥ ಹಾಳೆ ಆಲ್ಬಂನಲ್ಲಿ ಒಂದೋ ಎರಡೋ. ಫ್ಲೆಕ್ಸ್ ಬೋರ್ಡಿನ ಮಾತೇ ಬೇಡ, ಅದನ್ನು ರಸ್ತೆಯ ಆಚೆ ಬದಿಯಿಂದ ನೋಡುವುದು. ಮದುಮಕ್ಕಳ ಕಡೆಯವರು ಮೊದಲು ನೋಡುವುದಂತೂ ವಾಟ್ಸಾಪಿನಲ್ಲಿ.

61 ಮೆಗಾಪಿಕ್ಸೆಲ್‌ನ ರಾ ಫೈಲನ್ನು ಕುಗ್ಗಿಸದೆ ಇಟ್ಟರೆ ಒಂದೊಂದು ಸುಮಾರು 120 ಎಂಬಿ. ಒಂದು ಮದುವೆಗೆ ಎರಡು ಸಾವಿರ ಕ್ಲಿಕ್ ಅಂದರೆ 240 ಜಿಬಿ. ಕಾರ್ಡು, ಹಾರ್ಡ್ ಡಿಸ್ಕು, ಕೊನೆಗೆ ಕಂಪ್ಯೂಟರೂ ಬದಲಾಗಬೇಕು. ಜೇಪೆಗ್‌ನಲ್ಲೇ ತೆಗೆಯುವವರಿಗೆ ಇಷ್ಟು ಹೊರೆ ಬೀಳದು, ಆದರೆ ಜೇಪೆಗ್‌ಗೆ ಅಂತ 61 ಕೊಳ್ಳುವುದು ನನಗೆ ಅರ್ಥವಾಗದ ಲೆಕ್ಕ.

ಹಾಗಂತ ಹೆಚ್ಚು ಮೆಗಾಪಿಕ್ಸೆಲ್ ಯಾರಿಗೂ ಬೇಡ ಎನ್ನುವುದಿಲ್ಲ. ತಾಳೆಗರಿ, ಶಾಸನ, ಹಳೆಯ ಗೋಡೆ ಚಿತ್ರಗಳ ದಾಖಲೆ ಮಾಡುವವರು, ದೂರದ ಹಕ್ಕಿಯನ್ನು ತೆಗೆದು ಆಮೇಲೆ ಕತ್ತರಿಸಿಕೊಳ್ಳುವವರು ಇದಕ್ಕೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಶಾಸನ ಓಡಿಹೋಗುವುದಿಲ್ಲ, ಸ್ಟ್ಯಾಂಡ್ ಹಾಕಿ, ಬರಿ ಕೊಳವೆ ಅಡಾಪ್ಟರ್‌ನಲ್ಲಿ ಹಳೆ ಲೆನ್ಸ್ ಹಾಕಿ ನಿಧಾನಕ್ಕೆ ಫೋಕಸ್ ಮಾಡಬಹುದು.

ಅಣ್ಣನಿಗೆ ಎರಡು ದಾರಿ ಹೇಳಿದೆ. ಒಂದು, ಸೆಕೆಂಡ್ ಹ್ಯಾಂಡ್ ನಿಕಾನ್ ಡಿ850. 2017ರದ್ದು, 45.7 ಮೆಗಾಪಿಕ್ಸೆಲ್, ಬಾಡಿಯಲ್ಲೇ ಮೋಟರ್ ಇದೆ, ಅವರ ಮೂರೂ ಲೆನ್ಸ್ ಇವತ್ತೇ ಓಡುತ್ತವೆ, ಅಡಾಪ್ಟರ್ ಬೇಡ. ಹೊಸ ಕ್ಯಾಮೆರಾದಂತೆ ಕಣ್ಣು ಹುಡುಕುವ ಫೋಕಸ್ ಅದರಲ್ಲಿ ಇಲ್ಲ, ಡಿಎಸ್‌ಎಲ್‌ಆರ್ ಕಾಲ ಮುಗಿಯುತ್ತಾ ಬಂದಿದೆ ಎಂಬುದೂ ಸುಳ್ಳಲ್ಲ. ಎರಡು, ಮಿರರ್‌ಲೆಸ್ಸೇ ಬೇಕೆಂದರೆ 24 ಮೆಗಾಪಿಕ್ಸೆಲ್‌ನ ಬಾಡಿ, ಉಳಿದ ದುಡ್ಡಿಗೆ ಅದರದೇ ಒಂದು ಒಳ್ಳೆ ಲೆನ್ಸ್. ನನ್ನ ಓಟು ಮೊದಲನೆಯದಕ್ಕೆ. ಕಂತು ಕಟ್ಟಬೇಕಾದವರು ಅವರು, ಇರುವ ಲೆನ್ಸ್ ದುಡಿಯಲಿ.

"ಹೊಸ ಕ್ಯಾಮೆರಾ ಹಿಡಿದು ಹೋದರೆ ಪಾರ್ಟಿಯವರು ಮರ್ಯಾದೆ ಕೊಡ್ತಾರೆ ಮಾರಾಯಾ" ಅಂದರು. ಅದೂ ನಿಜವೇ. ಪಕ್ಕದೂರಿನ ಹುಡುಗ ಹೊಸ ಸೋನಿ ತಂದಮೇಲೆ ಅಣ್ಣನಿಗೆ ಎರಡು ಮದುವೆ ತಪ್ಪಿದೆ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸದ್ಯಕ್ಕೆ ಸಾಲದ ದುಡ್ಡು ಸೊಸೈಟಿಯಲ್ಲೇ ಇದೆ. ಬರುವ ಭಾನುವಾರ ಮಂಗಳೂರಿನಿಂದ ಝಡ್ 8 ಮತ್ತು ಎಫ್‌ಟಿಝಡ್ ಒಂದು ದಿನದ ಬಾಡಿಗೆಗೆ ತರಿಸುತ್ತಿದ್ದಾರೆ, ಜೊತೆಗೆ ಪರಿಚಯದವರ ಡಿ850 ಕೇಳಿದ್ದಾರೆ. ರಾತ್ರಿ ಬಯಲಾಟ ಇದೆ. 80-200 ಲೆನ್ಸನ್ನು ಎರಡಕ್ಕೂ ಹಾಕಿ ನೋಡುವುದು ಎಂದು ಮಾತಾಗಿದೆ. ನಾನೂ ಹೋಗುತ್ತಿದ್ದೇನೆ.