ಕಂಪ್ಲಿ ಗದ್ದೆಯ ನೀರು ಎಲ್ಲಿ ಹೋಯ್ತು?

ಅಪ್ಪನ ಹಳೇ ಯಾಶಿಕಾ ಎಲೆಕ್ಟ್ರೋ 35 ಈಗ ನನ್ನ ಕೈಲಿದೆ. ರೇಂಜ್‌ಫೈಂಡರ್ ಕ್ಯಾಮೆರಾ ಅದು. ಅಂದ್ರೆ ನಾವು ನೋಡೋದು ಲೆನ್ಸ್ ಮೂಲಕ ಅಲ್ಲ, ಪಕ್ಕದ ಬೇರೆ ಕಿಟಕಿಯಿಂದ. ಇಂಥದಕ್ಕೆ ಪೋಲರೈಸರ್ ಫಿಲ್ಟರ್ ಹಾಕೋದು ದಂಡ, ತಿರುಗಿಸಿದ್ರೆ ಏನಾಗ್ತಿದೆ ಅಂತ ಕಾಣೋದೇ ಇಲ್ಲ ಅಂತಾರೆ ಗೆಳೆಯರು. ನಾನು ಒಪ್ಪಲ್ಲ. ಹಾಕಬಹುದು. ಎಲ್ಲಿ ಹಾಕಬಾರದು ಅಂತ ಮಾತ್ರ ನಂಗೆ ಗೊತ್ತಾಗಿದ್ದು ಸೋದರತ್ತೆಯಿಂದ.

ಉಪಾಯ ಸುಲಭ. ಫಿಲ್ಟರಿನ ತಿರುಗೋ ಅಂಚಿಗೆ ಗಡಿಯಾರದ ಹಾಗೆ 12 ಅಂಕಿ ಬರೆದುಕೊಂಡೆ. ಮೊದಲು ಫಿಲ್ಟರನ್ನ ಕಣ್ಣಿಗೆ ಹಿಡಿದು ತಿರುಗಿಸಬೇಕು, ಬೇಕಾದ ಹಾಗೆ ಕಂಡಾಗ ತುದಿಯಲ್ಲಿ ಯಾವ ಅಂಕಿ ಇದೆ ನೋಡ್ಕೋಬೇಕು, ಲೆನ್ಸಿಗೆ ಹಾಕಿ ಅದೇ ಅಂಕಿ ಮೇಲೆ ತರಬೇಕು. ಕ್ಯಾಮೆರಾ ಉದ್ದಕ್ಕೆ ಹಿಡಿದ್ರೂ ಆ ಅಂಕಿ ಆಕಾಶದ ಕಡೆಗೇ ಇರಲಿ. ಲೈಕಾದವರು ಮೇಲಕ್ಕೆ ಮಗುಚಿ ಕಿಟಕಿ ಮುಂದೆ ತಂದು ನೋಡೋ ಅಂಥ ಪೋಲರೈಸರನ್ನೇ ಮಾಡಿದ್ದಾರೆ. ನಮ್ಮಂಥವರಿಗಲ್ಲ ಬಿಡಿ :)

ಇನ್ನೊಂದು ವಿಷಯ. ಯಾಶಿಕಾದ ಬೆಳಕು ಅಳೆಯೋ ಕಣ್ಣು ಲೆನ್ಸಿನ ಹೊರಗಿದೆ, ಮುಂದೆ ಫಿಲ್ಟರ್ ಬಂದಿದ್ದು ಅದಕ್ಕೆ ಗೊತ್ತಾಗಲ್ಲ. ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತೆ. ಹಾಗಾಗಿ 200ರ ಫಿಲ್ಮ್ ಇದ್ರೆ ಎಎಸ್‌ಎ 50ಕ್ಕೆ ಇಡಬೇಕು. ಹೊಸಪೇಟೆ ಡ್ಯಾಮ್ ಮುಂದೆ ಇದನ್ನ ಮರೆತು ಏಳೆಂಟು ಫ್ರೇಮ್ ಕತ್ತಲು ಮಾಡಿಕೊಂಡೆ.

ಹಂಪಿಯಲ್ಲಿ ಬೆಳಿಗ್ಗೆ ಹೊತ್ತು ವಿರೂಪಾಕ್ಷ ಗುಡಿ ಗೋಪುರ ತೆಗೆಯೋರು ಫಿಲ್ಟರ್ ಜೇಬಲ್ಲೇ ಇಟ್ಕೊಳ್ಳಿ. ಗೋಪುರದ ಮುಖ ಪೂರ್ವಕ್ಕೆ, ಸೂರ್ಯ ನಮ್ಮ ಬೆನ್ನಿಗೆ. ಆಕಾಶ ಕಡುನೀಲಿ ಆಗೋದು ಸೂರ್ಯನಿಂದ 90 ಡಿಗ್ರಿ ದಿಕ್ಕಲ್ಲಿ, ಗೋಪುರದ ಹಿಂದೆ ಅಲ್ಲ. ಎರಡು ಸ್ಟಾಪ್ ಸುಮ್ನೆ ನಷ್ಟ.

ಸಂಡೂರಲ್ಲಿ ಮಳೆ ನಿಂತ ಮೇಲೆ ಫಿಲ್ಟರ್ ನಿಜವಾಗ್ಲೂ ಕೆಲಸ ಕೊಡ್ತು. ಒದ್ದೆ ಎಲೆಗಳ ಬಿಳಿ ಹೊಳಪು ಹೋಗಿ ಒಳಗಿನ ಹಸಿರು, ಕೆಳಗಿನ ಕೆಂಪು ಮಣ್ಣು ಎರಡೂ ಬಂದವು. ಆ ಖುಷಿಯಲ್ಲೇ ಕಂಪ್ಲಿಗೆ ಹೋದೆ.

ಅತ್ತೆ ಗದ್ದೆಗೆ ಕಾಲುವೆ ನೀರು ಬಿಟ್ಟಿದ್ರು, ನಾಟಿ ಶುರುವಾಗಿತ್ತು. ಮುಂದಿನ ವರ್ಷ ಆ ಗದ್ದೆ ಅವರ ಕೈಲಿರಲ್ಲ ಅಂತ ಗೊತ್ತಿತ್ತು, ಅದಕ್ಕೇ ಫೋಟೋ ಬೇಕು ಅಂದಿದ್ರು. ನಾನು ಕಣ್ಣಿಗೆ ಹಿಡಿದು ನೋಡಲೂ ಇಲ್ಲ, ಸಂಡೂರಿನ ಅಂಕಿಯನ್ನೇ ಮೇಲಿಟ್ಟು ಹೊಡೆದೆ. ಒಂದು ಸಲ ಟೆಸ್ಟ್ ಪಾಸಾಯ್ತು ಅಂತ ಆಮೇಲೆ ಔಟ್‌ಪುಟ್ಟೇ ನೋಡದ ಹಾಗೆ. ಎಸ್‌ಎಲ್‌ಆರ್ ಆಗಿದ್ರೆ ಕಣ್ಣೆದುರೇ ಗೊತ್ತಾಗ್ತಿತ್ತು. ಇದರಲ್ಲಿ ಗೊತ್ತಾಗಿದ್ದು ಪ್ರಿಂಟ್ ಬಂದಮೇಲೆ.

ಅತ್ತೆ ತಿರುಗಿಸಿ ತಿರುಗಿಸಿ ನೋಡಿದ್ರು. "ಇದು ನಮ್ಮ ಗದ್ದಿ ಅಲ್ಲ ಬಿಡಪ್ಪ. ನೀರೇ ಕಾಣವಲ್ದು."

ನೀರು ಇತ್ತು, ನಾನೇ ಅಳಿಸಿದ್ದೆ. ನೀರಿನ ಮೇಲಿನ ಆಕಾಶ ತೆಗೆದರೆ ಉಳಿಯೋದು ಬರೀ ಕರೀ ಕೆಸರು. ಪ್ರತಿಫಲನ ಅಂದ್ರೆ ಫೋಟೋದ ದೋಷ ಅಂತ ಪುಸ್ತಕ ಓದಿ ಕಲಿತಿದ್ದ ನನಗೆ, ಗದ್ದೆಯಲ್ಲಿ ನೀರಿದೆ ಅಂತ ಹೇಳೋದೇ ಅದು ಅಂತ ಹೊಳೆದಿರಲಿಲ್ಲ.

ಫಿಲ್ಟರ್ ಹಾಕೋ ಮುಂಚೆ ಹೊಡೆದ ಒಂದೇ ಒಂದು ಫ್ರೇಮ್ ಇತ್ತು. ಫೋಕಸ್ ಸ್ವಲ್ಪ ತಪ್ಪಿದೆ. ಅತ್ತೆ ಅದಕ್ಕೇ ಕಟ್ಟು ಹಾಕಿಸಿದ್ದಾರೆ.